ಪಿನ್ ಕೂತರೆ ಸಾಲದು

ಮೂರು ವಾರದಿಂದ ನಮ್ಮ ಹಾಲ್‌ನಲ್ಲಿ ಕಾಲಿಟ್ಟ ಕಡೆಯೆಲ್ಲ ವಯರ್. ಅಪ್ಪನ ಹಳೇ ಸ್ಟೀರಿಯೋ ಸೆಟ್ಟನ್ನು ಅಟ್ಟದಿಂದ ಇಳಿಸಿದ್ದೇ ಇದಕ್ಕೆ ಕಾರಣ. ಒಂದು ಆಂಪ್ಲಿಫೈಯರ್, ಒಂದು ಟೇಪ್ ಡೆಕ್, ರೆಕಾರ್ಡ್ ಹಾಡಿಸುವ ಒಂದು ಟರ್ನ್‌ಟೇಬಲ್, ಎರಡು ದೊಡ್ಡ ಮರದ ಸ್ಪೀಕರ್. ಜೊತೆಗೆ ಒಂದು ರಟ್ಟಿನ ಡಬ್ಬದ ತುಂಬಾ ಕ್ಯಾಸೆಟ್. ಆ ಡಬ್ಬದ ತಳದಲ್ಲಿದ್ದ ಒಂದು ಕ್ಯಾಸೆಟ್ ಮೇಲೆ ಅಪ್ಪನ ಕೈಬರಹದಲ್ಲಿ 'ಅಮ್ಮ, 1986' ಅಂತ ಇತ್ತು. ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರ ಫೋಟೋ ನೋಡಿದ್ದೇನೆ, ದನಿ ಕೇಳಿರಲಿಲ್ಲ.

ನನಗೆ ಬೇಕಾಗಿದ್ದು ಮೂರು. ಟಿವಿಯ ಸದ್ದು ಈ ದೊಡ್ಡ ಸ್ಪೀಕರ್‌ಗಳಲ್ಲಿ ಬರಬೇಕು. ಫೋನಿನ ಹಾಡೂ ಬರಬೇಕು. ಆ ಕ್ಯಾಸೆಟ್ಟಿನಲ್ಲಿ ಇರುವುದೆಲ್ಲ ಲ್ಯಾಪ್‌ಟಾಪ್‌ಗೆ ಇಳಿಯಬೇಕು. ಕೇಬಲ್ ತಂದು ಚುಚ್ಚಿದರೆ ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಪಿನ್‌ಗಳೇನೋ ಎಲ್ಲ ತೂತಿಗೂ ಸರಾಗವಾಗಿ ಕೂತವು. ಸದ್ದು ಮಾತ್ರ ಒಂದು ಕಡೆಯೂ ಸರಿಯಾಗಿ ಬರಲಿಲ್ಲ.

ಮೊದಲು ಸ್ಪೀಕರ್ ವಿಷಯ ಹೇಳಿಬಿಡುತ್ತೇನೆ. ಎರಡೂ ಹಾಡುತ್ತಿದ್ದವು, ಆದರೆ ತಮಟೆ, ಡೋಲು ಎಲ್ಲ ಪೇಲವ. ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಎಡಗಡೆ ಸ್ಪೀಕರ್‌ನ ಕೆಂಪು, ಕಪ್ಪು ವಯರ್ ಅದಲು ಬದಲಾಗಿತ್ತು. ಹಾಗಾದಾಗ ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಬಾಸ್ ಒಂದನ್ನೊಂದು ತಿಂದು ಹಾಕುತ್ತದೆ. ವಯರ್ ಎರಡೂ ಒಂದೇ ಬಣ್ಣ ಇದ್ದು ಗೊಂದಲವಾದರೆ ಅಪ್ಪ ಹೇಳಿಕೊಟ್ಟ ಉಪಾಯ ಇದೆ. ವಯರನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ, ಆ ತುದಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್, ಸ್ಪೀಕರ್‌ನ ಕೆಂಪು ಕಡೆಗೆ ಸೇರಿದ್ದರೆ ಒಳಗಿನ ಕೋನ್ ಹೊರಕ್ಕೆ ಜಿಗಿಯುತ್ತದೆ. ಕಣ್ಣಿಗೇ ಕಾಣುತ್ತದೆ. ಇನ್ನೊಂದು ಮಾತು. ವಯರ್ ತುದಿಯ ಒಂದೇ ಒಂದು ತಾಮ್ರದ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ಲಿಫೈಯರ್‌ಗೆ ಪೆಟ್ಟು. ಎಳೆಗಳನ್ನು ಬಿಗಿಯಾಗಿ ಹೊಸೆದೇ ಸಿಕ್ಕಿಸಿ.

ಇನ್ನು ಆಂಪ್ಲಿಫೈಯರ್ ಹಿಂಭಾಗ. ಅಲ್ಲಿ ಜೋಡಿ ಜೋಡಿಯಾಗಿ ದುಂಡನೆಯ ಆರ್‌ಸಿಎ ಸಾಕೆಟ್‌ಗಳು. ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. 1930ರ ದಶಕದಲ್ಲಿ ಆರ್‌ಸಿಎ ಅನ್ನುವ ಅಮೆರಿಕದ ಕಂಪನಿ ತನ್ನ ರೇಡಿಯೋ ಮತ್ತು ಗ್ರಾಮೊಫೋನ್‌ಗಳಿಗೆಂದು ಮಾಡಿದ ಪಿನ್ ಇದು. ಇಂದಿಗೂ ಅದೇ ಅಳತೆ, ಅದೇ ಆಕಾರ. ಅದಕ್ಕೆ ನನಗೆ ಈ ಪಿನ್ ಮೇಲೆ ತುಂಬಾ ಗೌರವ. ಅದರಲ್ಲಿ ಒಂದು ಕೊರತೆಯೂ ಇದೆ. ಚುಚ್ಚುವಾಗ ನಡುವಿನ ಕಡ್ಡಿ ಮೊದಲು ಮುಟ್ಟುತ್ತದೆ, ಸುತ್ತಲಿನ ಗ್ರೌಂಡ್ ಬಳೆ, ಅಂದರೆ ಸದ್ದು ವಾಪಸ್ ಬರುವ ದಾರಿ, ಆಮೇಲೆ ಮುಟ್ಟುತ್ತದೆ. ಆ ಅರೆಗಳಿಗೆಯಲ್ಲಿ ಸ್ಪೀಕರ್ ಗರ್ರ್ ಅಂತ ಅಬ್ಬರಿಸುತ್ತದೆ. "ಮೊದಲು ವಾಲ್ಯೂಮ್ ಸೊನ್ನೆಗೆ ತಾ, ಆಮೇಲೆ ಪಿನ್ ಮುಟ್ಟು" ಅಂತ ಅಪ್ಪ ಪ್ರತಿ ಸಲ ಹೇಳುತ್ತಿದ್ದರು. ಸ್ವಿಚ್ ಆಫ್ ಮಾಡಿಯೇ ಮುಟ್ಟಿದರೆ ಇನ್ನೂ ಒಳ್ಳೆಯದು.

ನಾನು ಫೋನನ್ನು ಮೊದಲು ಚುಚ್ಚಿದ್ದು 'ಫೋನೋ' ಅಂತ ಬರೆದಿದ್ದ ಜೋಡಿಗೆ. ಅದೇ ಕೊನೆಯಲ್ಲಿ ಖಾಲಿ ಇತ್ತು, ಪಿನ್ ಚೆನ್ನಾಗಿ ಕೂತಿತು. ಹಾಡು ಶುರುವಾಯಿತು. ಬಾಸ್ ಊದಿಕೊಂಡು ಗುಮ್ಮ್ ಗುಮ್ಮ್, ಮಿಕ್ಕದ್ದೆಲ್ಲ ಒಡಕಲು. ಅಪ್ಪ ಒಳಗಿನಿಂದಲೇ ಕೂಗಿದರು, "ಅದು ರೆಕಾರ್ಡ್ ಮುಳ್ಳಿಗೆ ಮಾತ್ರ ಅಮ್ಮ, ತೆಗಿ ತೆಗಿ!"

ಯಾಕೆ ಅಂತ ಆಮೇಲೆ ಅರ್ಥವಾಯಿತು. ಟರ್ನ್‌ಟೇಬಲ್ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಅಷ್ಟೇ. ಸಿಡಿ ಪ್ಲೇಯರ್ ಗರಿಷ್ಠ 2 ವೋಲ್ಟ್ ವರೆಗೂ ಕೊಡುತ್ತದೆ, ಫೋನ್ ಅದಕ್ಕಿಂತ ಸ್ವಲ್ಪ ಕಮ್ಮಿ. ಮುಳ್ಳಿನ ಪಿಸುಮಾತಿಗೆ ಕಿವಿಗೊಟ್ಟು ಕೂತಿರುವ ತೂತಿಗೆ ನೂರಾರು ಪಟ್ಟು ಜಾಸ್ತಿ ವೋಲ್ಟೇಜ್ ಸುರಿದರೆ ಏನಾಗಬೇಕು? ಇಷ್ಟೇ ಅಲ್ಲ. ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿ, ಚೂಪು ಸ್ವರಗಳನ್ನು ಏರಿಸಿ ಕೊರೆಯುತ್ತಾರೆ. ಬಾಸ್ ಇದ್ದ ಹಾಗೇ ಕೊರೆದರೆ ಗೆರೆಗಳು ಅಗಲವಾಗಿ ಜಾಗ ತಿನ್ನುತ್ತವೆ. ಚೂಪು ಸ್ವರ ಏರಿಸದಿದ್ದರೆ ಪ್ಲಾಸ್ಟಿಕ್ ಮೇಲೆ ಮುಳ್ಳು ಉಜ್ಜುವ ಸದ್ದು ಅದನ್ನು ಮುಚ್ಚಿಬಿಡುತ್ತದೆ. 1950ರ ದಶಕದಲ್ಲಿ ಕಂಪನಿಗಳೆಲ್ಲ ಇದಕ್ಕೆ ಆರ್‌ಐಎಎ ಅನ್ನುವ ಒಂದೇ ಅಳತೆ ಒಪ್ಪಿಕೊಂಡವು. ಫೋನೋ ತೂತಿನ ಹಿಂದಿರುವ ಸರ್ಕ್ಯೂಟ್ ಅದನ್ನು ತಿರುಗಿಸಿ ಸರಿ ಮಾಡುತ್ತದೆ. ಬಾಸ್ ಏರಿಸುತ್ತದೆ, ಚೂಪು ತಗ್ಗಿಸುತ್ತದೆ. ಫೋನಿನ ಹಾಡು ಮೊದಲೇ ಸರಿಯಾಗಿತ್ತು, ಅದನ್ನೂ 'ಸರಿ' ಮಾಡಲು ಹೋಗಿ ಕೆಡಿಸಿತು.

ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಟರ್ನ್‌ಟೇಬಲ್ ತಂದು ಆಕ್ಸ್ ಅನ್ನುವ ಸಾಮಾನ್ಯ ತೂತಿಗೆ ಹಾಕಿ, ಸದ್ದೇ ಬರಲ್ಲ, ಬಂದರೂ ತಗಡು ತಗಡು ಅಂತ ಬೇಸರ ಮಾಡಿಕೊಳ್ಳುತ್ತಾರೆ. ಟರ್ನ್‌ಟೇಬಲ್ ಹಾಳಾಗಿರುವುದಿಲ್ಲ, ಫೋನೋ ತೂತಿನ ಹಿಂದಿನ ಸರ್ಕ್ಯೂಟ್ ಮಾಡುವ ಕೆಲಸವನ್ನೇ ಮಾಡುವ ಒಂದು ಫೋನೋ ಪ್ರೀಆಂಪ್ ನಡುವೆ ಬೇಕು ಅಷ್ಟೇ. ಈಗಿನ ಕೆಲವು ಟರ್ನ್‌ಟೇಬಲ್‌ಗಳಲ್ಲಿ ಅದು ಒಳಗೇ ಇರುತ್ತದೆ, ಹಿಂದೆ ಒಂದು ಸ್ವಿಚ್ ಇರುತ್ತದೆ. ಟೇಪ್, ಟ್ಯೂನರ್, ಆಕ್ಸ್, ಸಿಡಿ ಅಂತ ಬರೆದಿರುವ ತೂತುಗಳೆಲ್ಲ ಒಂದೇ ಜಾತಿ. ಎಲ್ಲವೂ ಲೈನ್ ಮಟ್ಟದವು, ಅಂದರೆ ಸಿಡಿ ಪ್ಲೇಯರ್, ಫೋನ್ ಕೊಡುವಂಥ ವೋಲ್ಟೇಜ್‌ಗೆ ಮಾಡಿದವು. ಟ್ಯೂನರ್, ಅಂದರೆ ರೇಡಿಯೋ ಪೆಟ್ಟಿಗೆ, ಇಲ್ಲದಿದ್ದರೆ ಆ ತೂತಿಗೆ ಟಿವಿ ಹಾಕಿ, ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಆಕ್ಸ್ ಒಂದೇ ಇದೆ ಅಂತ ವೈ ಆಕಾರದ ಕೇಬಲ್‌ನಲ್ಲಿ ಟಿವಿ, ಫೋನ್ ಎರಡನ್ನೂ ಒಂದೇ ಕಡೆ ಸೇರಿಸುತ್ತಾರೆ. ದಯವಿಟ್ಟು ಬೇಡ. ಒಂದು ಔಟ್‌ಪುಟ್ಟನ್ನು ಎರಡು ಕಡೆ ಹಂಚಲು ವೈ ಕೇಬಲ್ ಸರಿ. ಎರಡು ಔಟ್‌ಪುಟ್ಟನ್ನು ಒಂದಕ್ಕೆ ಸೇರಿಸಿದರೆ ಅವು ಒಂದರೊಳಗೊಂದು ಕರೆಂಟ್ ತಳ್ಳುತ್ತಾ ಗುದ್ದಾಡುತ್ತವೆ.

ಫೋನಿಗೆ ಹೆಡ್‌ಫೋನ್ ತೂತೇ ಇಲ್ಲ. ತಮ್ಮನ ಹತ್ತಿರ ಯುಎಸ್‌ಬಿ-ಸಿ ಇಂದ 3.5 ಮಿ.ಮೀ.ಗೆ ಬದಲಿಸುವ ಗಿಡ್ಡ ಅಡಾಪ್ಟರ್ ಇತ್ತು. ಅವನ ಫೋನಿನಲ್ಲಿ ಹಾಡಿತು, ನನ್ನದರಲ್ಲಿ ಮೌನ. ನೋಡಲು ಒಂದೇ ಥರ ಇದ್ದರೂ ಇವು ಎರಡು ಬಗೆ. ಒಂದರಲ್ಲಿ ಬರೀ ವಯರ್, ಫೋನೇ ಅನಲಾಗ್ ಸದ್ದನ್ನು ಹೊರಗೆ ಕಳಿಸಬೇಕು. ಇನ್ನೊಂದರೊಳಗೆ ಒಂದು ಪುಟ್ಟ ಡಿಎಸಿ ಚಿಪ್ ಇರುತ್ತದೆ, ಫೋನ್ ಕೊಟ್ಟ ಅಂಕಿಗಳನ್ನು ಅದೇ ಸದ್ದಾಗಿ ಬದಲಿಸುತ್ತದೆ. ನನ್ನ ಫೋನ್ ಅನಲಾಗ್ ಕಳಿಸುವುದಿಲ್ಲ. ಡಿಎಸಿ ಇರುವುದು ತಂದ ಮೇಲೆ ಕೆಲಸ ಮುಗಿಯಿತು.

ಟಿವಿ ನನ್ನನ್ನು ಎರಡು ದಿನ ಕಾಡಿತು. ಅದರ ಹಿಂದೆ ಆರ್‌ಸಿಎ ಔಟ್ ಇಲ್ಲ. ಟಿವಿಯ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಇದೆ, ಬೆಳಕಿನ ಮೂಲಕ ಕಳಿಸುವ ಆಪ್ಟಿಕಲ್ ಇದೆ. ಹೊಸ ಸೌಂಡ್‌ಬಾರ್ ಇದ್ದರೆ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೇ ಹಾಕಿ ಮುಗಿಸಬಹುದು. ಅಪ್ಪನ ಆಂಪ್ಲಿಫೈಯರ್‌ಗೆ ಇವೆರಡೂ ಗೊತ್ತಿಲ್ಲ. ಹಾಗಾಗಿ ಆಪ್ಟಿಕಲ್ ಕೇಬಲ್ ಮತ್ತು ಅದನ್ನು ಅನಲಾಗ್‌ಗೆ ತಿರುಗಿಸುವ ಒಂದು ಸಣ್ಣ ಡಿಎಸಿ ಪೆಟ್ಟಿಗೆ ತಂದೆ. ಈ ಆಪ್ಟಿಕಲ್ ಕೇಬಲ್ ನನಗೆ ಬಹಳ ಇಷ್ಟವಾಯಿತು. ತೋಷಿಬಾ 1983ರಲ್ಲಿ ತಂದದ್ದು, ಅದಕ್ಕೇ ಟಾಸ್‌ಲಿಂಕ್ ಅಂತ ಹೆಸರು. ಒಂದು ತುದಿಯನ್ನು ಟಿವಿಗೆ ಹಾಕಿ, ಇನ್ನೊಂದು ತುದಿಯನ್ನು ಅಂಗೈ ಕಡೆ ತಿರುಗಿಸಿದರೆ ಸಾಸಿವೆ ಕಾಳಿನಷ್ಟು ಕೆಂಪು ಬೆಳಕು ಬೀಳುತ್ತದೆ. ಆ ಬೆಳಕಿನ ಮಿಣುಕಿನಲ್ಲೇ ಹಾಡು, ಮಾತು ಎಲ್ಲ ಇದೆ. ಹೊಸ ಕೇಬಲ್ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ತೆಗೆದೇ ಹಾಕಬೇಕು.

ಟೋಪಿ ತೆಗೆದೆ, ಹಾಕಿದೆ. ವಾರ್ತೆ ಚೆನ್ನಾಗಿ ಬಂತು. ಸಿನಿಮಾ ಹಾಕಿದರೆ ಬರೀ ಕರ್ರ್ ಅನ್ನುವ ಸದ್ದು. ಟಿವಿ ಸಿನಿಮಾದ ಸದ್ದನ್ನು ಡಾಲ್ಬಿ ಡಿಜಿಟಲ್ ಆಗಿ ಕಟ್ಟಿ ಕಳಿಸುತ್ತಿತ್ತು, ಈ ಸಣ್ಣ ಪೆಟ್ಟಿಗೆಗೆ ಆ ಗಂಟು ಬಿಚ್ಚಲು ಬರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ. ಅದನ್ನು 'ಆಟೋ'ದಿಂದ 'ಪಿಸಿಎಂ'ಗೆ, ಅಂದರೆ ಗಂಟು ಕಟ್ಟದ ಡಿಜಿಟಲ್ ಸದ್ದಿಗೆ, ಬದಲಿಸಿದೆ. ಕರ್ರ್ ನಿಂತಿತು. ಪೆಟ್ಟಿಗೆ ಕೆಟ್ಟಿದೆ ಅಂತ ವಾಪಸ್ ಕೊಡುವ ಮೊದಲು ಇದೊಂದನ್ನು ನೋಡಿ.

ಆಮೇಲೆ ಲ್ಯಾಪ್‌ಟಾಪನ್ನೂ ಆಂಪ್ಲಿಫೈಯರ್‌ಗೆ ಜೋಡಿಸಿದೆ. ಹಾಡು ನಿಲ್ಲಿಸಿದರೂ ಹಿಂದೆ ಗುಂಯ್ ಅಂತ ಒಂದೇ ಸಮನೆ ಸದ್ದು. ಚಾರ್ಜರ್ ಕಿತ್ತರೆ ತಕ್ಷಣ ನಿಶ್ಶಬ್ದ, ಹಾಕಿದರೆ ಮತ್ತೆ ಗುಂಯ್. ಆಂಪ್ಲಿಫೈಯರ್‌ಗೂ ಅರ್ಥಿಂಗ್ ಇದೆ, ಚಾರ್ಜರ್‌ಗೂ ಇದೆ. ಗೋಡೆಯೊಳಗೆ ಅರ್ಥಿಂಗ್ ವಯರ್ ಒಂದು ದಾರಿ, ಆಡಿಯೋ ಕೇಬಲ್‌ನ ಗ್ರೌಂಡ್ ಇನ್ನೊಂದು ದಾರಿ. ಎರಡೂ ಸೇರಿ ಒಂದು ಬಳೆಯಾಗುತ್ತದೆ. ಆ ಬಳೆಯಲ್ಲಿ ಸುತ್ತುವ ಕರೆಂಟೇ ಗುಂಯ್ ಅಂತ ಕೇಳಿಸುವುದು. ಇದಕ್ಕೆ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ ಅಂತ ಸಲಹೆ ಕೊಡುವವರಿದ್ದಾರೆ. ಖಂಡಿತ ಕೇಳಬೇಡಿ. ಒಳಗೆ ಎಲ್ಲಾದರೂ ವಯರ್ ಬಿಟ್ಟು ಲೋಹದ ಮೈಗೆ ತಾಗಿದ ದಿನ ನಿಮ್ಮನ್ನು ಉಳಿಸುವುದು ಆ ಪಿನ್. ಎರಡೂ ಪ್ಲಗ್ಗನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ಎಷ್ಟೋ ಸಲ ಕಮ್ಮಿಯಾಗುತ್ತದೆ. ಆಗದಿದ್ದರೆ ಆಡಿಯೋ ಕೇಬಲ್ ನಡುವೆ ಹಾಕುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ನಾನು ಸುಮ್ನೆ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಓಡಿಸುವ ರೂಢಿ ಮಾಡಿಕೊಂಡೆ. ಈ ರೂಢಿ ಮುಂದೆ ನನ್ನನ್ನು ದಾರಿ ತಪ್ಪಿಸಿತು.

ಈಗ ಕ್ಯಾಸೆಟ್.

ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿದೆ. ಕಂದು ಬಣ್ಣದ ಪುಡಿ ಬಂತು. ಒಂದು ಹಾಡಿನ ಕ್ಯಾಸೆಟ್ ಹಾಕಿ ಆಂಪ್ಲಿಫೈಯರ್‌ನಲ್ಲಿ ಕೇಳಿದೆವು, ಚೆನ್ನಾಗಿತ್ತು. ಆದರೆ ಅಜ್ಜಿಯ ಕ್ಯಾಸೆಟ್ಟನ್ನು ಹಾಗೆ ಸುಮ್ಮನೆ ಹಾಕಲು ಧೈರ್ಯ ಬರಲಿಲ್ಲ. ಹಳೇ ಟೇಪ್, ಒಂದೇ ಸಲಕ್ಕೆ ತುಂಡಾದರೂ ಆಯಿತು. ಹಾಗಾಗಿ ಮೊದಲ ಸಲ ಓಡುವಾಗಲೇ ರೆಕಾರ್ಡ್ ಆಗಿಬಿಡಲಿ ಅಂತ ಡೆಕ್ಕನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿದೆ.

ಲ್ಯಾಪ್‌ಟಾಪ್‌ನಲ್ಲಿರುವ ಒಂದೇ ತೂತು ಹೆಡ್‌ಸೆಟ್‌ನದು. ಅದರ ಮೈಕ್ ಭಾಗ ಒಂದೇ ಚಾನೆಲ್, ಅದೂ ಮೈಕಿನ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ್ದು. ಅಲ್ಲಿಗೆ ಡೆಕ್ ಹಾಕಬಾರದು. ಲೈನ್ ಇನ್ ಇರುವ ಒಂದು ಯುಎಸ್‌ಬಿ ಸೌಂಡ್ ಪೆಟ್ಟಿಗೆ ತಂದಿದ್ದೆ. ಡೆಕ್ಕಿನಿಂದ ಆರ್‌ಸಿಎ ಕೇಬಲ್, ಅದರ ತುದಿಗೆ ಎರಡು ಆರ್‌ಸಿಎಯನ್ನು ಒಂದು 3.5 ಮಿ.ಮೀ. ಪಿನ್ ಮಾಡುವ ಅಡಾಪ್ಟರ್. ಅಡಾಪ್ಟರ್ ಡ್ರಾಯರ್‌ನಲ್ಲಿ ಬಿದ್ದಿತ್ತು. ಎಲ್ಲ ಬಿಗಿಯಾಗಿ ಕೂತಿತು. ಚಾರ್ಜರ್ ಕಿತ್ತೆ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ ತೆರೆದು ರೆಕಾರ್ಡ್ ಒತ್ತಿದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಡೆಕ್ಕಿನ ಪ್ಲೇ ಗುಂಡಿಯನ್ನು ಅವರೇ ಒತ್ತಿದರು.

ಸುಸ್ ಅನ್ನುವ ಟೇಪಿನ ಸದ್ದು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಬೇರೆ ಏನೂ ಇಲ್ಲ.

"ತಡಿ ಅಪ್ಪ, ಮುಂದೆ ಇರಬಹುದು" ಅಂದೆ. ಅವರು ಆ ಬದಿ ಮುಗಿಯುವವರೆಗೂ ಕೂತಿದ್ದರು. ಆಮೇಲೆ "ಅಳಿಸಿ ಹೋಗಿದೆ ಬಿಡಮ್ಮ, ತುಂಬಾ ವರ್ಷ ಆಯ್ತಲ್ಲ" ಅಂತ ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೆ ಕೂತಾಗಲೂ ಆ ಮಾತು ಎತ್ತಲಿಲ್ಲ.

ನನಗೆ ನಿದ್ದೆ ಬರಲಿಲ್ಲ. ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಮತ್ತೆ ಕೇಳಿದೆ. ವಾಲ್ಯೂಮ್ ಏರಿಸಿದರೆ ಆ ಸುಸ್ ಒಳಗೆ ಏನೋ ಮಿಸುಕಾಡುತ್ತಿತ್ತು. ಸ್... ಶ್... ಮತ್ತೆ ಸ್. ಯಾರೋ ಮಾತಾಡುತ್ತಿದ್ದಾರೆ, ಆದರೆ ಮಾತಿನಲ್ಲಿ ಬರುವ 'ಸ', 'ಶ' ಅಕ್ಷರಗಳ ಅಂಚು ಮಾತ್ರ ಉಳಿದಿದೆ, ಮಿಕ್ಕದ್ದೆಲ್ಲ ಯಾರೋ ಒರೆಸಿದ ಹಾಗೆ. ಟೇಪ್ ಅಳಿಸಿ ಹೋದರೆ ಹೀಗೆ ಅಕ್ಷರ ಆರಿಸಿ ಅಳಿಸುವುದಿಲ್ಲ ಅಲ್ವಾ?

ಪರದೆ ಮೇಲೆ ಅಲೆಯನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ಎಡ ಚಾನೆಲ್, ಕೆಳಗೆ ಬಲ. ಎಡದ ಗೆರೆ ಏರಿದ ಕಡೆಯೆಲ್ಲ ಬಲದ ಗೆರೆ ಇಳಿದಿತ್ತು. ಒಂದೊಂದು ಸಣ್ಣ ತಿರುವೂ ಹಾಗೇ. ನಡುವೆ ಕನ್ನಡಿ ಇಟ್ಟ ಹಾಗೆ. ಯಾವ ಟೇಪೂ ಹೀಗೆ ಇರುವುದಿಲ್ಲ. ಎದ್ದು ಹೋಗಿ ಡೆಕ್ಕಿಗೆ ಹಾಡಿನ ಕ್ಯಾಸೆಟ್ ಹಾಕಿ, ಅದೇ ಕೇಬಲ್‌ನಲ್ಲಿ ಕೇಳಿದೆ. ಪಿಟೀಲು ಇದೆ, ಗೆಜ್ಜೆ ಇದೆ, ಹಾಡುವವರಿಲ್ಲ! ಅವರ ದನಿಯ ಮಾರ್ದನಿ ಮಾತ್ರ ದೂರದಲ್ಲಿ ತೇಲುತ್ತಿದೆ. ಆಗ ಮೈ ಜುಮ್ಮೆಂದಿತು. ಟೇಪಿಗೆ ಏನೂ ಆಗಿಲ್ಲ.

3.5 ಮಿ.ಮೀ. ಪಿನ್ನನ್ನು ಒಮ್ಮೆ ಹತ್ತಿರದಿಂದ ನೋಡಿ. ಎರಡು ಕಪ್ಪು ಗೆರೆ, ಅವುಗಳಿಂದ ಮೂರು ಭಾಗ. ತುದಿ ಎಡ ಚಾನೆಲ್, ನಡುವಿನ ಬಳೆ ಬಲ ಚಾನೆಲ್, ಬುಡ ಎರಡಕ್ಕೂ ಸೇರಿದ ಗ್ರೌಂಡ್. ಹೋದ ಸದ್ದು ವಾಪಸ್ ಬರುವ ದಾರಿ ಆ ಬುಡ. ಅದು ಕಡಿದು ಹೋದರೆ ಎಡದ ಸದ್ದು ಬಲದ ವಯರ್ ಮೂಲಕವೇ ವಾಪಸ್ ಬರಬೇಕು. ಆಗ ಉಳಿಯುವುದು ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಎರಡರಲ್ಲೂ ಒಂದೇ ಸಮ ಇರುವುದು ಕಳೆದು ಸೊನ್ನೆಯಾಗುತ್ತದೆ. ಹಾಡಿನಲ್ಲಿ ಗಾಯಕರನ್ನು ನಡುವೆ, ಅಂದರೆ ಎರಡೂ ಕಡೆ ಸಮವಾಗಿ ಇಟ್ಟಿರುತ್ತಾರೆ. ಅವರು ಮಾಯ. ಅಜ್ಜಿಯದಂತೂ ಮೋನೋ, ಅಂದರೆ ಒಂದೇ ಚಾನೆಲ್‌ನ ಟೇಪ್ ರೆಕಾರ್ಡರ್‌ನಲ್ಲಿ ತೆಗೆದದ್ದು. ಮೋನೋ ರೆಕಾರ್ಡರ್ ಬರೆಯುವ ಅಗಲದ ಪಟ್ಟಿಯನ್ನು ಸ್ಟೀರಿಯೋ ಡೆಕ್ ಎಡ, ಬಲ ಅಂತ ಎರಡು ಭಾಗವಾಗಿ ಓದುತ್ತದೆ. ಎರಡರಲ್ಲೂ ಅದೇ ದನಿ. ಪೂರ್ತಿ ಕಳೆದು ಹೋಯಿತು. ಡೆಕ್ಕಿನ ಹೆಡ್ ಒಂದು ಕೂದಲಿನಷ್ಟು ಓರೆ ಇದ್ದದ್ದರಿಂದ ಚೂಪು ಸ್ವರಗಳು ಮಾತ್ರ ಎರಡು ಕಡೆ ಸರಿಯಾಗಿ ಹೊಂದಲಿಲ್ಲ. ಅದಕ್ಕೇ 'ಸ', 'ಶ' ಉಳಿದವು. ಚಾರ್ಜರ್ ಹಾಕಿದ್ದರೆ ಗ್ರೌಂಡ್ ಇಲ್ಲದ್ದಕ್ಕೆ ಜೋರಾಗಿ ಗುಂಯ್ ಅಂದು ಆಗಲೇ ಅನುಮಾನ ಬರುತ್ತಿತ್ತೇನೋ. ಬ್ಯಾಟರಿಯಲ್ಲಿ ಓಡಿಸಿದ್ದರಿಂದ ಎಲ್ಲ ಶಾಂತವಾಗಿತ್ತು.

ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಅಡಾಪ್ಟರ್ ಮುಟ್ಟಿಸಿದೆ. ತುದಿ, ಬೀಪ್. ಬಳೆ, ಬೀಪ್. ಬುಡ, ಸದ್ದಿಲ್ಲ. ವಯರನ್ನು ಸ್ವಲ್ಪ ತಿರುಚಿದರೆ ಒಂದು ಕ್ಷಣ ಬೀಪ್, ಮತ್ತೆ ಇಲ್ಲ. ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿದೆ. ಒಳಗೆ ಕೆಂಪು, ಬಿಳಿ ವಯರ್‌ಗಳು ಬೆಸುಗೆಯಲ್ಲಿ ಗಟ್ಟಿಯಾಗಿದ್ದವು. ಗ್ರೌಂಡಿನ ತಾಮ್ರದ ಜಡೆ ಬೆಸುಗೆಯಿಂದ ಕಿತ್ತುಕೊಂಡು ಬಂದು, ಅದರ ಪಕ್ಕದಲ್ಲೇ, ಅಕ್ಕಿ ಕಾಳಿನ ದಪ್ಪದಷ್ಟೂ ದೂರವಿಲ್ಲದೆ ನಿಂತಿತ್ತು.

ಮರುದಿನ ಅಡಾಪ್ಟರ್ ಬಿಟ್ಟು, ಒಂದು ಕಡೆ ಎರಡು ಆರ್‌ಸಿಎ, ಇನ್ನೊಂದು ಕಡೆ 3.5 ಮಿ.ಮೀ. ಇರುವ ಇಡೀ ಕೇಬಲ್ ತಂದೆ. ಕೂಡಿಕೆ ಕಮ್ಮಿ ಇದ್ದಷ್ಟೂ ಒಳ್ಳೆಯದು ಅಂತ ಈಗ ನನಗೆ ಗಟ್ಟಿ ನಂಬಿಕೆ. ಹಾಕುವ ಮೊದಲು ಮೂರೂ ಭಾಗವನ್ನು ಮೀಟರ್‌ನಲ್ಲಿ ನೋಡಿದೆ, ಹಾಡಿನ ಕ್ಯಾಸೆಟ್ ಹಾಕಿ ಗಾಯಕರು ವಾಪಸ್ ಬಂದಿದ್ದಾರಾ ನೋಡಿದೆ. ಬಂದಿದ್ದರು. ಆಮೇಲೆ ಅಪ್ಪನನ್ನು ಕರೆದೆ. ಅವರು ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತರು.

ಟಕ್ ಅಂತ ಗುಂಡಿ ಸದ್ದು, ಸುಸ್, ಆಮೇಲೆ ಒಂದು ಹೆಣ್ಣು ದನಿ. "ಶುರು ಆಯ್ತಾ? ಏನ್ ಹೇಳ್ಲಿ ಇದಕ್ಕೆ?" ಹಿಂದಿನಿಂದ ಎಳೆಯ ಗಂಡು ದನಿ, "ಮಾತಾಡಮ್ಮ, ಕೆಂಪು ದೀಪ ಬಂದಿದೆ." ಅದು ನಮ್ಮಪ್ಪ.

ಬಾಗಿಲ ಹತ್ತಿರದಿಂದ ಅಪ್ಪ ಬಂದು ಸ್ಪೀಕರ್ ಮುಂದೆ ನೆಲದ ಮೇಲೇ ಕೂತರು. ಅಜ್ಜಿ ನಡುವೆ ಒಮ್ಮೆ ಕೆಮ್ಮಿದರು. "ಅಮ್ಮಂಗೆ ಆಗ ನೆಗಡಿ ಆಗಿತ್ತು" ಅಂದರು ಅಪ್ಪ. ಅಷ್ಟೇ ಅಂದದ್ದು.

ಫೈಲ್ ಉಳಿಸುವಾಗ ಎರಡು ಚಾನೆಲ್ ಕೂಡಿಸಿ ಮೋನೋ ಮಾಡಲು ನೋಡಿದೆ, ಆ ಓರೆ ಹೆಡ್ ದೆಸೆಯಿಂದ ಈ ಸಲ 'ಸ', 'ಶ'ಗಳೇ ಮಂಕಾದವು. ಕೂಡಿಸುವುದು ಬಿಟ್ಟು ಎಡ ಚಾನೆಲ್ ಒಂದನ್ನೇ ಇಟ್ಟುಕೊಂಡೆ, ದನಿ ಸ್ವಚ್ಛವಾಗಿದೆ. ತಮ್ಮನಿಗೂ ಕಳಿಸಿದ್ದೇನೆ. ಬಿ ಸೈಡ್ ಇನ್ನೂ ಓಡಿಸಿಲ್ಲ. ಭಾನುವಾರ ತಮ್ಮ ಬರಲಿ, ಎಲ್ಲರೂ ಒಟ್ಟಿಗೆ ಕೂತು ಹಾಕೋಣ ಅಂತ ಅಪ್ಪ ಹೇಳಿದ್ದಾರೆ.